ಪ್ರಿ-ರೆಕ್ ಸಂಯೋಗ ಶಾಸ್ತ್ರ

ಉಪೋದ್ಘಾತ

ಅಮೆರಿಕದಲ್ಲಿ ನರ್ಸ್ ಆಗಬೇಕೆಂದು ಹೊರಟವರು ಮೊದಲು ನರ್ಸಿಂಗ್ ಓದುವುದಿಲ್ಲ. ನರ್ಸಿಂಗಿಗೆ ಅರ್ಜಿ ಹಾಕುವ ಯೋಗ್ಯತೆ ಬರುವುದಕ್ಕಾಗಿ ಓದುತ್ತಾರೆ. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್, ಸೈಕಾಲಜಿ, ನ್ಯೂಟ್ರಿಷನ್ ಎಂಬ ಪಟ್ಟಿಯೊಂದಿದೆ. ಕಾಲೇಜಿನಿಂದ ಕಾಲೇಜಿಗೆ ಅದು ಕೊಂಚ ಹಿಗ್ಗುತ್ತದೆ, ಕೊಂಚ ಕುಗ್ಗುತ್ತದೆ. ಇವುಗಳ ಪೂರ್ಣನಾಮ ಪ್ರಿರೆಕ್ವಿಸಿಟ್. ದಿನವೂ ಅದರೊಡನೆ ಹೆಣಗುವವರು ಅಷ್ಟುದ್ದ ಹೇಳುವಷ್ಟು ಪುರುಸೊತ್ತಿಲ್ಲದೆ ಪ್ರಿ-ರೆಕ್ ಅನ್ನುತ್ತಾರೆ.

ಏನೇನು ಓದಬೇಕು ಎಂಬುದನ್ನು ಕಾಲೇಜು ಬರೆದು ಕೊಡುತ್ತದೆ. ಯಾವುದನ್ನು ಯಾವುದರ ಜೊತೆ ಓದಬೇಕು ಎಂಬುದನ್ನು ಮಾತ್ರ ವಿದ್ಯಾರ್ಥಿಯ ವಿವೇಕಕ್ಕೆ ಬಿಡುತ್ತದೆ. ಆ ವಿವೇಕ ಆಗ ತಾನೇ ಕೆಲಸ ಮುಗಿಸಿ ಬಂದು, ಮಗುವನ್ನು ಮಲಗಿಸಿ, ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆರೆದಿರುತ್ತದೆ. ಈ ಶಾಸ್ತ್ರ ಹುಟ್ಟಿದ್ದು ಆ ಹೊತ್ತಿನ ಉಪಯೋಗಕ್ಕೆ.

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೇರಿದ ಹುಡುಗಿಗೆ ಇದರ ಅಗತ್ಯವಿಲ್ಲ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮುಗಿಸಿ ಬಂದವಳಿಗೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ಲಿನ ಪಠ್ಯಕ್ರಮ ಮೊದಲ ಸೆಮಿಸ್ಟರಿನಲ್ಲೇ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ಇಂಗ್ಲಿಷ್, ಜೊತೆಗೆ ನರ್ಸಿಂಗ್ ಫೌಂಡೇಶನ್ ಅನ್ನೂ ಒಟ್ಟಿಗೆ ಬಡಿಸಿಬಿಡುತ್ತದೆ. ಟೈಮ್‌ಟೇಬಲ್ ನೋಟಿಸ್ ಬೋರ್ಡಿನಲ್ಲಿ ಅಂಟಿರುತ್ತದೆ. ಅದನ್ನು ಬೈಯಬಹುದು, ಬದಲಿಸುವಂತಿಲ್ಲ. ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಟೈಮ್‌ಟೇಬಲ್ ಬದಲಿಸಬಹುದು. ಬೈಯಲು ಮಾತ್ರ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗುವುದಿಲ್ಲ.

ಅಧಿಕಾರಿ ಪ್ರಕರಣ

ಸೂತ್ರ 1: *ಓದುವವರನ್ನು ಅರಿಯದೆ ಓದನ್ನು ವಿಂಗಡಿಸತಕ್ಕದ್ದಲ್ಲ.*

ಈ ಶಾಸ್ತ್ರಕ್ಕೆ ಅಧಿಕಾರಿಗಳು ನಾಲ್ಕು ಬಗೆ.

ಮೊದಲನೆಯವರು ನವಾರಂಭಿಗಳು. ಹೈಸ್ಕೂಲು ಮುಗಿಸಿ ಹದಿನೆಂಟಕ್ಕೆ ಬಂದವರು. ಇವರಿಗೆ ಹೊತ್ತು ಧಾರಾಳ, ನಿದ್ದೆ ಅದಕ್ಕಿಂತ ಧಾರಾಳ. ಎಲ್ಲ ಕೋರ್ಸೂ ಇವರಿಗೆ ದಕ್ಕುತ್ತದೆ, ಬೆಳಗ್ಗೆ ಎಂಟರ ಲ್ಯಾಬ್ ಒಂದನ್ನು ಬಿಟ್ಟು.

ಎರಡನೆಯವರು ಉದ್ಯೋಗಸ್ಥರು. ನರ್ಸಿಂಗ್ ಅಸಿಸ್ಟೆಂಟ್ ಆಗಿಯೋ ಮೆಡಿಕಲ್ ಅಸಿಸ್ಟೆಂಟ್ ಆಗಿಯೋ ಈಗಾಗಲೇ ಆಸ್ಪತ್ರೆಯ ಒಳಗಿರುವವರು. ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದು ಪ್ರೊಫೆಸರಿಗಿಂತ ಇವರಿಗೇ ಚೆನ್ನಾಗಿ ಗೊತ್ತು. ಆದರೆ ಹಾಗೆ ಮಗ್ಗುಲಾಗುವಾಗ ಕೆಲಸ ಮಾಡುವ ಸ್ನಾಯುವಿನ ಹೆಸರೇನು, ಅದು ಯಾವ ಎಲುಬಿನಲ್ಲಿ ಹುಟ್ಟಿ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂದು ಅನಾಟಮಿ ಕೇಳುತ್ತದೆ. ಅನುಭವ ಅಲ್ಲಿ ಕೈಕಟ್ಟಿ ನಿಲ್ಲುತ್ತದೆ.

ಮೂರನೆಯವರು ಪದವೀಧರರು. ಬೇರೇನೋ ಓದಿ, ಬೇರೇನೋ ಮಾಡಿ, ಈಗ ಇತ್ತ ಬಂದವರು. ಇದರ ಒಳಪಂಗಡವೊಂದಕ್ಕೆ ಕನ್ನಡದ ಓದುಗರು ಕಿವಿಗೊಡಬೇಕು: ಗಂಡನ ಎಚ್-1ಬಿ ಬೆನ್ನಿಗೆ ಎಚ್-4 ವೀಸಾದಲ್ಲಿ ಬಂದ ನಮ್ಮ ಬಿ.ಇ., ಬಿ.ಕಾಂ., ಎಂ.ಎಸ್ಸಿ.ಗಳು. ಎಚ್-4ರಲ್ಲಿ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕು, ಓದುವುದಕ್ಕೆ ಬೇಡ. ಹಾಗಾಗಿ ಓದು ಶುರುವಾಗುತ್ತದೆ. ಊರಿನ ಅಂಕಪಟ್ಟಿಗಳು ಮೌಲ್ಯಮಾಪನ ಸಂಸ್ಥೆಗೆ ಹೋಗಿ, ಕ್ರೆಡಿಟ್ ವೇಷ ತೊಟ್ಟು ಮರಳುತ್ತವೆ. ಇಂಜಿನಿಯರಿಂಗಿನ ಗಣಿತ ಕೆಲವೆಡೆ ನಡೆಯುತ್ತದೆ. ಜೀವಶಾಸ್ತ್ರ ಓದೇ ಇರುವುದಿಲ್ಲ, ಓದಿದ್ದರೂ ಅದು ಹಳೆಯದಾಗಿರುತ್ತದೆ.

ನಾಲ್ಕನೆಯವರು ಪುನರಾವರ್ತಕರು. ಒಮ್ಮೆ ಓದಿ, 'ಸಿ' ಪಡೆದು, ಅದು ಪಾಸೇ ಆದರೂ ಪ್ರವೇಶಕ್ಕೆ ಸಾಲದೆಂದು ತಿಳಿದು ಮತ್ತೆ ಬಂದವರು. ಇವರಿಗೆ ವಿನಯವಿದೆ, ಹಳೆಯ ನೋಟ್ಸ್ ಇದೆ, ಭಯವೂ ಇದೆ. ಭಯ ಸಕಾರಣವಾದದ್ದು. ಒಂದೇ ವಿಜ್ಞಾನದ ಕೋರ್ಸನ್ನು ಎಷ್ಟು ಸಲ ಬರೆದಿದ್ದೀರಿ ಎಂದು ಎಣಿಸುವ ಕಾಲೇಜುಗಳು ಬಹಳ.

ಅನಧಿಕಾರಿಗಳು ಒಂದು ಬಗೆ: ಊರಿನಲ್ಲೇ ನರ್ಸಿಂಗ್ ಪದವಿ ಪಡೆದು ಬಂದವರು. ಅವರ ದಾರಿ ಅರ್ಹತಾಪತ್ರಗಳ ಪರಿಶೀಲನೆ ಮತ್ತು ನರ್ಸಿಂಗ್ ಪರವಾನಗಿಗೆಂದೇ ಇರುವ ಎನ್‌ಕ್ಲೆಕ್ಸ್ ಪರೀಕ್ಷೆಯದು. ಅವರು ಈ ಗ್ರಂಥವನ್ನು ಮನರಂಜನೆಗೆ ಮಾತ್ರ ಓದಬಹುದು.

ಆಹಾರ ಪ್ರಕರಣ

ಸೂತ್ರ 2: *ಹೆಸರಿನಿಂದಲ್ಲ, ಹಸಿವಿನಿಂದ ಕೋರ್ಸನ್ನು ಅರಿಯತಕ್ಕದ್ದು.*

ಲೌಕಿಕರು ಕೋರ್ಸುಗಳನ್ನು ಸುಲಭ, ಕಷ್ಟ ಎಂದು ಎರಡಾಗಿ ಒಡೆಯುತ್ತಾರೆ. ಈ ವಿಭಾಗ ಅಶಾಸ್ತ್ರೀಯ. ಒಬ್ಬಳಿಗೆ ಕಷ್ಟವಾದದ್ದು ಪಕ್ಕದ ಕುರ್ಚಿಯವಳಿಗೆ ಸಲೀಸು. ಆದರೆ ಪ್ರತಿ ಕೋರ್ಸೂ ಓದುವವರಿಂದ ಏನನ್ನು ತಿನ್ನುತ್ತದೆ ಎಂಬುದು ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ. ಆದ್ದರಿಂದ ಆಹಾರಭೇದದಿಂದ ಇವು ಆರು.

*ಸ್ಮೃತಿಭಕ್ಷಕ.* ಇದರ ಮುಖ್ಯ ಉದಾಹರಣೆ ಅನಾಟಮಿ. ವಯಸ್ಕರ ದೇಹದಲ್ಲಿ 206 ಎಲುಬು ಎಂದರೆ 206 ಹೆಸರು ಕಲಿತರೆ ಸಾಕೆಂದು ಮೊದಲ ವಾರ ಅನಿಸುತ್ತದೆ. ಎರಡನೇ ವಾರಕ್ಕೆ ಪ್ರತಿ ಎಲುಬಿನ ಮೇಲೂ ಉಬ್ಬು, ತಗ್ಗು, ಅಂಚು, ರಂಧ್ರಗಳಿವೆಯೆಂದೂ ಅವಕ್ಕೆಲ್ಲ ಲ್ಯಾಟಿನ್ ನಾಮಕರಣ ಆಗಿದೆಯೆಂದೂ ತಿಳಿಯುತ್ತದೆ. ಮಣಿಕಟ್ಟೊಂದರಲ್ಲೇ ಎಂಟು ಎಲುಬು. ತಲೆಬುರುಡೆಯಿಂದ ಹೊರಡುವ ನರಗಳು ಹನ್ನೆರಡು ಜೊತೆ.

ಇದರ ಪರೀಕ್ಷೆಯನ್ನು, ಅಂದರೆ ಲ್ಯಾಬ್ ಪ್ರಾಕ್ಟಿಕಲ್ ಅನ್ನು, ಹತ್ತಿರದಿಂದ ನೋಡಬೇಕು. ಕೋಣೆಯ ಸುತ್ತ ಮೇಜುಗಳು. ಒಂದರ ಮೇಲೆ ತೊಡೆಯ ಮೂಳೆ, ಇನ್ನೊಂದರ ಮೇಲೆ ಸೀಳಿಟ್ಟ ಕುರಿಯ ಹೃದಯ, ಮತ್ತೊಂದರ ಮೇಲೆ ಮೈಕ್ರೋಸ್ಕೋಪು. ಎಲ್ಲೆಡೆ ಬಣ್ಣದ ತಲೆಯ ಗುಂಡುಸೂಜಿ. ತೊಡೆಯ ಮೂಳೆಯ ಮೇಲ್ತುದಿಯ ಉಬ್ಬಿಗೆ ಸೂಜಿ ಚುಚ್ಚಿದ್ದರೆ ಪ್ರಶ್ನೆ ಎರಡು: ಉಬ್ಬಿನ ಹೆಸರೇನು? ಮೂಳೆ ಎಡಗಾಲಿನದೋ ಬಲಗಾಲಿನದೋ? ಉತ್ತರ ಗ್ರೇಟರ್ ಟ್ರೊಕಾಂಟರ್ ಎಂದು ನೆನಪಾಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ, ಎಲ್ಲರೂ ಮುಂದಿನ ಮೇಜಿಗೆ ಸರಿಯುತ್ತಾರೆ. ಸಣ್ಣಕರುಳಿನ ಕೊನೆಯ ಭಾಗಕ್ಕೂ ಸೊಂಟದ ಎಲುಬಿಗೂ ಇಂಗ್ಲಿಷ್ ಕಾಗುಣಿತದಲ್ಲಿ ಇರುವುದು ಒಂದೇ ಅಕ್ಷರದ ಅಂತರ. ಆ ಅಕ್ಷರಕ್ಕೂ ಅಂಕವಿದೆ.

*ತರ್ಕಭಕ್ಷಕ.* ಫಿಸಿಯಾಲಜಿ ಮತ್ತು ಕೆಮಿಸ್ಟ್ರಿ. ಇಲ್ಲಿ ಹೆಸರು ಗೊತ್ತಿದ್ದರೆ ಕೆಲಸ ಆರಂಭವಾಯಿತು ಎಂದಷ್ಟೇ ಅರ್ಥ. ನರಕೋಶದ ವಿಶ್ರಾಂತ ವಿಭವ ಸುಮಾರು ಮೈನಸ್ 70 ಮಿಲಿವೋಲ್ಟ್ ಎಂದು ಉರುಹೊಡೆದವಳಿಗೆ ಪರೀಕ್ಷೆಯಲ್ಲಿ ಆ ಸಂಖ್ಯೆಯನ್ನು ಕೇಳುವುದಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಆ ಸಂಖ್ಯೆಗೇನಾಗುತ್ತದೆ ಎಂದು ಕೇಳುತ್ತಾರೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ ಎಂದು ಪಂಪಿನ ಲೆಕ್ಕವನ್ನು ಮಂತ್ರದಂತೆ ಹೇಳಿದರೂ ಉತ್ತರ ಹೊಳೆಯುವುದಿಲ್ಲ. ಫಿಸಿಯಾಲಜಿಗೆ ಬೇಕಾದದ್ದು ಕಾಗದದ ಮೇಲೆ ಬಾಣದ ಗುರುತು ಹಾಕುತ್ತಾ, ಇದು ಏರಿದರೆ ಅದು ಇಳಿಯುತ್ತದೆ, ಅದು ಇಳಿದರೆ ಮೂತ್ರಪಿಂಡ ಹೀಗೆ ಮಾಡುತ್ತದೆ ಎಂದು ಸಾವಧಾನವಾಗಿ ಯೋಚಿಸುವ ಮಧ್ಯಾಹ್ನಗಳು.

*ಕಾಲಭಕ್ಷಕ.* ಮೈಕ್ರೋಬಯಾಲಜಿ. ಇದರ ವೈಶಿಷ್ಟ್ಯವೇನೆಂದರೆ ಇಲ್ಲಿ ಓದುವ ವಸ್ತುವಿಗೆ ತನ್ನದೇ ಟೈಮ್‌ಟೇಬಲ್ ಇದೆ. ಸೋಮವಾರ ಅಗಾರ್ ತಟ್ಟೆಯ ಮೇಲೆ ಗೀರಿದ ಬ್ಯಾಕ್ಟೀರಿಯಾ 37 ಡಿಗ್ರಿಯ ಪೆಟ್ಟಿಗೆಯಲ್ಲಿ ಒಂದೆರಡು ದಿನ ಬೆಳೆಯಬೇಕು. ನಿಮಗೆ ಶುಕ್ರವಾರ ಅನಾಟಮಿ ಪರೀಕ್ಷೆಯಿದೆ ಎಂದು ಅದು ಬೇಗ ಬೆಳೆಯುವುದಿಲ್ಲ. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಬಣ್ಣ ಹಾಕುವ ವಿಧಾನ ಇಂದಿಗೂ ಮೊದಲ ಪಾಠ. ಈಗಿನ ಕ್ರಮದಲ್ಲಿ ಮೊದಲು ಕ್ರಿಸ್ಟಲ್ ವಯೊಲೆಟ್, ನಂತರ ಅಯೋಡಿನ್, ಆಮೇಲೆ ಆಲ್ಕೊಹಾಲ್, ಕೊನೆಗೆ ಸಾಫ್ರನಿನ್. ಆಲ್ಕೊಹಾಲಿನಲ್ಲಿ ಕೆಲವೇ ಸೆಕೆಂಡು ಹೆಚ್ಚು ತೊಳೆದರೆ ನೇರಳೆಯಾಗಿ ಉಳಿಯಬೇಕಾದದ್ದು ಗುಲಾಬಿಯಾಗಿ ಕಾಣುತ್ತದೆ. ಗ್ರಾಮ್-ಪಾಸಿಟಿವ್ ಜೀವಿಯೊಂದು ನಿಮ್ಮ ಕೈಯಲ್ಲಿ ಮತಾಂತರ ಹೊಂದುತ್ತದೆ. ಹಲವು ಕಡೆ ಸೆಮಿಸ್ಟರಿನ ಉತ್ತರಾರ್ಧದಲ್ಲಿ ಪ್ರತಿಯೊಬ್ಬರಿಗೂ ಹೆಸರಿಲ್ಲದ ಬ್ಯಾಕ್ಟೀರಿಯಾ ಒಂದನ್ನು ಕೊಟ್ಟು, ಇದು ಯಾರೆಂದು ಪತ್ತೆಹಚ್ಚು ಅನ್ನುತ್ತಾರೆ. ಅದಕ್ಕಾಗಿ ತರಗತಿಯಿಲ್ಲದ ದಿನವೂ ಲ್ಯಾಬಿಗೆ ಹೋಗುವವರಿದ್ದಾರೆ.

*ಲೇಖನಭಕ್ಷಕ.* ಇಂಗ್ಲಿಷ್ ಕಾಂಪೊಸಿಷನ್. ಇದು ಒಂದು ಪ್ರಬಂಧವನ್ನು ಒಮ್ಮೆ ಬರೆದರೆ ತೃಪ್ತಿಪಡುವುದಿಲ್ಲ. ಕರಡು, ಸಹಪಾಠಿಯ ಟೀಕೆ, ತಿದ್ದಿದ ಕರಡು, ಉಲ್ಲೇಖಗಳ ಪಟ್ಟಿ ಎಂದು ಒಂದೇ ಮಾತನ್ನು ನಾಲ್ಕು ಸಲ ತಿನ್ನುತ್ತದೆ.

*ಅಂಕಭಕ್ಷಕ.* ಸ್ಟ್ಯಾಟಿಸ್ಟಿಕ್ಸ್. ದಿನಕ್ಕಿಷ್ಟೇ ತಿನ್ನುವ ಮಿತಾಹಾರಿ. ಆದರೆ ಒಂದು ವಾರ ಉಪವಾಸ ಕೆಡವಿದರೆ ಮುಂದಿನ ವಾರ ಬಡ್ಡಿ ಸಮೇತ ಕೇಳುತ್ತದೆ. ಇಂಜಿನಿಯರಿಂಗ್ ಮುಗಿಸಿದ ನಮ್ಮವರು ಇದನ್ನು ಕಂಡು ಮುಗುಳ್ನಗುತ್ತಾರೆ. ನಗಲಿ; ಅವರಿಗೆ ನಗಲು ಸಿಗುವುದು ಇದೊಂದೇ.

*ಅಲ್ಪಾಹಾರಿ.* ಸೈಕಾಲಜಿ, ಸೋಷಿಯಾಲಜಿ, ನ್ಯೂಟ್ರಿಷನ್, ಸ್ಪೀಚ್. ಇವು ಕಡಿಮೆ ತಿನ್ನುತ್ತವೆ, ಆದರೆ ಹೊತ್ತು ತಪ್ಪಿಸುವುದಿಲ್ಲ. ಆನ್‌ಲೈನಿನಲ್ಲಿ ತೆಗೆದುಕೊಂಡರೆ ಗುರುವಾರದೊಳಗೆ ಒಂದು ಅಭಿಪ್ರಾಯ, ಭಾನುವಾರ ರಾತ್ರಿ 11:59ರೊಳಗೆ ಇಬ್ಬರು ಸಹಪಾಠಿಗಳ ಅಭಿಪ್ರಾಯದ ಮೇಲೆ ಅಭಿಪ್ರಾಯ. ನ್ಯೂಟ್ರಿಷನ್‌ನಲ್ಲಿ ಮೂರು ದಿನ ತಿಂದದ್ದನ್ನೆಲ್ಲ ತೂಕ ಸಮೇತ ನಮೂದಿಸಿ ವಿಶ್ಲೇಷಿಸುವ ಕೆಲಸ ಬರುತ್ತದೆ. ಮಂಡ್ಯದವಳು ಮುದ್ದೆಯನ್ನು ಯಾವ ಶೀರ್ಷಿಕೆಯಡಿ ಬರೆಯಬೇಕು, ಬಸ್ಸಾರನ್ನು ಸೂಪ್ ಅನ್ನಬೇಕೇ ಎಂಬ ಧರ್ಮಸಂಕಟಕ್ಕೆ ಸಿಲುಕುವುದು ಇಲ್ಲೇ.

ಕೆಲವು ಕಾಲೇಜುಗಳಲ್ಲಿ ಅನಾಟಮಿ ಬೇರೆ, ಫಿಸಿಯಾಲಜಿ ಬೇರೆ. ಹಲವು ಕಡೆ ಎರಡನ್ನೂ ಕಲಸಿ ಎ ಅಂಡ್ ಪಿ ಒಂದು, ಎ ಅಂಡ್ ಪಿ ಎರಡು ಎಂದು ಪಾಲು ಮಾಡಿರುತ್ತಾರೆ. ಇವು ಮಿಶ್ರಾಹಾರಿಗಳು. ಮಿಶ್ರಾಹಾರಿಯ ಮೊದಲ ಪಾಲನ್ನು ಒಂದು ಕಾಲೇಜಿನಲ್ಲೂ ಎರಡನೇ ಪಾಲನ್ನು ಇನ್ನೊಂದರಲ್ಲೂ ಮುಗಿಸತಕ್ಕದ್ದಲ್ಲ. ಒಬ್ಬರು ಹೃದಯವನ್ನು ಮೊದಲ ಪಾಲಿನಲ್ಲಿ ಇಟ್ಟಿದ್ದು ಇನ್ನೊಬ್ಬರು ಎರಡನೆಯದರಲ್ಲಿ ಇಟ್ಟಿದ್ದರೆ, ನೀವು ಎರಡು ಹೃದಯ ಓದಿ ನರಮಂಡಲವಿಲ್ಲದೆ ಹೊರಬರುವ ಸಂಭವವಿದೆ.

ಕ್ರಮ ಪ್ರಕರಣ

ಸೂತ್ರ 3: *ಪೂರ್ವಕ್ಕೂ ಪೂರ್ವವುಂಟು.*

ಪ್ರಿ-ರೆಕ್‌ಗಳಿಗೂ ಪ್ರಿ-ರೆಕ್‌ಗಳಿವೆ. ಬಹಳ ಕಡೆ ಕೆಮಿಸ್ಟ್ರಿ ಇಲ್ಲದೆ ಫಿಸಿಯಾಲಜಿ ಇಲ್ಲ, ಮೈಕ್ರೋಬಯಾಲಜಿಯೂ ಇಲ್ಲ. ಅನಾಟಮಿ ಇಲ್ಲದೆ ಫಿಸಿಯಾಲಜಿ ಇಲ್ಲ. ಪ್ರಾಥಮಿಕ ಸೈಕಾಲಜಿ ಇಲ್ಲದೆ ಹುಟ್ಟಿನಿಂದ ಸಾವಿನವರೆಗಿನ ಲೈಫ್‌ಸ್ಪ್ಯಾನ್ ಸೈಕಾಲಜಿ ಇಲ್ಲ. ಕೆಮಿಸ್ಟ್ರಿಗೆ ಬೀಜಗಣಿತ ಬೇಕು. ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ತಾರ್ಕಿಕರು ಅನವಸ್ಥಾ ದೋಷ ಎನ್ನುವ ಬಾವಿಗೆ ಬೀಳುತ್ತೇವೆ. ಬಾವಿಯ ತಳದಲ್ಲಿ ಕೂತಿರುವವರು ಕಾಲೇಜಿನ ಕೌನ್ಸೆಲರ್.

ಇದರಿಂದ ಎರಡು ಫಲಗಳು. ಒಂದು, ಕೆಲವು ಸಂಯೋಗಗಳನ್ನು ನಾವು ನಿಷೇಧಿಸಬೇಕಾಗಿಯೇ ಇಲ್ಲ. ನೋಂದಣಿಯ ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಆ ಕೆಲಸ ಮಾಡುತ್ತದೆ. ಎರಡು, ಪಟ್ಟಿಯಲ್ಲಿ ಎಂಟು ಕೋರ್ಸಿದ್ದರೂ ನಿಮ್ಮ ಸೆಮಿಸ್ಟರುಗಳ ಸಂಖ್ಯೆಯನ್ನು ನಿರ್ಧರಿಸುವುದು ಆ ಎಂಟಲ್ಲ, ಅವುಗಳಲ್ಲಿನ ಅತಿ ಉದ್ದದ ಸರಪಳಿ. ಕೆಮಿಸ್ಟ್ರಿ, ಅನಾಟಮಿ, ಫಿಸಿಯಾಲಜಿ, ಮೈಕ್ರೋ ಸಾಲಾಗಿ ನಿಂತಿದ್ದರೆ ಮಿಕ್ಕದ್ದೆಲ್ಲ ಅವುಗಳ ಪಕ್ಕದ ಖಾಲಿ ಜಾಗಕ್ಕೆ ಹೊಂದಿಕೊಳ್ಳಬೇಕು. ಸೋಷಿಯಾಲಜಿಯನ್ನು ಮೊದಲ ಸೆಮಿಸ್ಟರಿನಲ್ಲೇ ಮುಗಿಸಿ ಬೀಗಿದವಳು ಸರಪಳಿಯ ಒಂದು ಕೊಂಡಿಯನ್ನೂ ಕಳಚಿರುವುದಿಲ್ಲ.

ಸಂಯೋಗ ಪ್ರಕರಣ

ಸೂತ್ರ 4: *ಒಂದೇ ಹಸಿವಿನ ಎರಡನ್ನು ಒಂದೇ ಪಂಕ್ತಿಯಲ್ಲಿ ಕೂರಿಸತಕ್ಕದ್ದಲ್ಲ.*

ಸಂಯೋಗ ನಾಲ್ಕು ವಿಧ: ಉತ್ತಮ, ಮಧ್ಯಮ, ಅಧಮ, ಸಾಹಸ.

ಉತ್ತಮ ಸಂಯೋಗದಲ್ಲಿ ಒಂದು ಲ್ಯಾಬ್, ಅದರ ಜೊತೆ ಬೇರೆ ಹಸಿವಿನ ಒಂದು ಅಥವಾ ಎರಡು. ಅನಾಟಮಿ ನೆನಪನ್ನು ತಿನ್ನುತ್ತಿರುವಾಗ ಪಕ್ಕದಲ್ಲಿ ಲೈಫ್‌ಸ್ಪ್ಯಾನ್ ಸೈಕಾಲಜಿ ಹಿತ. ಎರಿಕ್ಸನ್ನನ ಎಂಟು ಹಂತಗಳನ್ನೂ ಪಿಯಾಜೆಯ ನಾಲ್ಕು ಹಂತಗಳನ್ನೂ ಮನೆಯ ಮಕ್ಕಳ ಮೇಲೆ, ಅತ್ತೆಯವರ ಮೇಲೆ ಪರೀಕ್ಷಿಸಿ ನೋಡಬಹುದು, ಉರುಹೊಡೆಯುವುದು ಕಡಿಮೆ. ಫಿಸಿಯಾಲಜಿಯ ಜೊತೆ ನ್ಯೂಟ್ರಿಷನ್ ಸೊಗಸು. ಜೀರ್ಣಾಂಗದ ಪಾಠ, ಇನ್ಸುಲಿನ್ನಿನ ಪಾಠ ಎರಡರಲ್ಲೂ ಬರುತ್ತವೆ, ಒಂದರಲ್ಲಿ ಓದಿದ್ದು ಇನ್ನೊಂದರಲ್ಲಿ ಅಂಕವಾಗುತ್ತದೆ. ಮೈಕ್ರೋಬಯಾಲಜಿಯ ಜೊತೆ ಸ್ಟ್ಯಾಟಿಸ್ಟಿಕ್ಸ್. ಒಂದು ಲ್ಯಾಬಿಗೆ ಎಳೆಯುತ್ತದೆ, ಇನ್ನೊಂದನ್ನು ಅಡುಗೆಮನೆಯ ಮೇಜಿನ ಮೇಲೂ ಮಾಡಬಹುದು. ಕೆಮಿಸ್ಟ್ರಿಯ ಜೊತೆ ಪ್ರಾಥಮಿಕ ಸೈಕಾಲಜಿ.

ಮಧ್ಯಮ ಸಂಯೋಗದಲ್ಲಿ ಎರಡು ಲ್ಯಾಬ್, ಎರಡಕ್ಕೂ ಬೇರೆ ಹಸಿವು. ಫಿಸಿಯಾಲಜಿ ಮತ್ತು ಮೈಕ್ರೋಬಯಾಲಜಿ, ಅಥವಾ ಎರಡನೇ ಎ ಅಂಡ್ ಪಿ ಮತ್ತು ಮೈಕ್ರೋಬಯಾಲಜಿ ಇದರ ಪ್ರಸಿದ್ಧ ಜೋಡಿ. ರೋಗನಿರೋಧಕ ವ್ಯವಸ್ಥೆ ಎರಡರಲ್ಲೂ ಬಂದು ಆಸರೆಯಾಗುತ್ತದೆ. ಸಾವಿರಾರು ಜನ ಇದನ್ನು ದಾಟಿದ್ದಾರೆ. ಆದರೆ ಮೂರನೆಯ ಕೋರ್ಸು ಸೇರಿಸದೆ, ಅಥವಾ ಸೇರಿಸಲೇಬೇಕಾದರೆ ಅಲ್ಪಾಹಾರಿಯೊಂದನ್ನೇ ಸೇರಿಸಿ ದಾಟತಕ್ಕದ್ದು. ಹಣಕಾಸಿನ ನೆರವಿಗಾಗಿ ಪೂರ್ಣಾವಧಿ ವಿದ್ಯಾರ್ಥಿ ಎನ್ನಿಸಿಕೊಳ್ಳಲು ಸೆಮಿಸ್ಟರಿಗೆ 12 ಕ್ರೆಡಿಟ್ ತುಂಬಬೇಕಾದವರಿಗೆ ಅಲ್ಪಾಹಾರಿಗಳೇ ಗತಿ.

ಅಧಮ ಸಂಯೋಗ ಎಂದರೆ ಒಂದೇ ಹಸಿವಿನ ಎರಡು. ಕೆಮಿಸ್ಟ್ರಿಯೂ ಫಿಸಿಯಾಲಜಿಯೂ ಒಟ್ಟಿಗೆ ಬಂದಾಗ ಯೋಚಿಸುವ ಮಧ್ಯಾಹ್ನಗಳಿಗಾಗಿ ಎರಡೂ ಕಿತ್ತಾಡುತ್ತವೆ. ಅನಾಟಮಿಯೂ ಮೈಕ್ರೋಬಯಾಲಜಿಯೂ ಒಟ್ಟಿಗೆ ಬಂದರೆ ಬೇರೊಂದು ಅನರ್ಥ: ಮೈಕ್ರೋ ಮೂಲತಃ ಕಾಲಭಕ್ಷಕವಾದರೂ ಉಪಾಹಾರವಾಗಿ ನೆನಪನ್ನೂ ತಿನ್ನುತ್ತದೆ. ಬ್ಯಾಕ್ಟೀರಿಯಾಗಳಿಗೂ ಎರಡೆರಡು ಹೆಸರು, ಸ್ನಾಯುಗಳಿಗೂ ಎರಡೆರಡು ಹೆಸರು. ಪರೀಕ್ಷೆಯ ಹಿಂದಿನ ರಾತ್ರಿ ಕನಸಿನಲ್ಲಿ ಸ್ಟೆಫಿಲೊಕಾಕಸ್ ಭುಜಕ್ಕೆ ಅಂಟಿಕೊಂಡಿರುತ್ತದೆ.

ಸಾಹಸ ಎಂದರೆ ಒಂದೇ ಸೆಮಿಸ್ಟರಿನಲ್ಲಿ ಮೂರು ಲ್ಯಾಬ್. ಇದನ್ನು ಶಾಸ್ತ್ರ ನಿಷೇಧಿಸುವುದಿಲ್ಲ, ವಿವರಿಸುವುದೂ ಇಲ್ಲ.

ಕಾಲ ಪ್ರಕರಣ

ಸೂತ್ರ 5: *ವಾರಕ್ಕೆ 168 ಗಂಟೆ; ಕೌನ್ಸೆಲರೂ ಹೆಚ್ಚಿಸಲಾರರು.*

ಅಮೆರಿಕದ ಫೆಡರಲ್ ನಿಯಮದಲ್ಲಿ ಕ್ರೆಡಿಟ್ಟಿನ ಲಕ್ಷಣ ಹೀಗಿದೆ: ಸುಮಾರು 15 ವಾರಗಳ ಸೆಮಿಸ್ಟರಿನಲ್ಲಿ ಒಂದು ಕ್ರೆಡಿಟ್ಟಿಗೆ ವಾರಕ್ಕೆ ತರಗತಿಯಲ್ಲಿ ಒಂದು ಗಂಟೆ, ಹೊರಗೆ ಕನಿಷ್ಠ ಎರಡು ಗಂಟೆ. ನಾಲ್ಕು ಕ್ರೆಡಿಟ್ಟಿನ ವಿಜ್ಞಾನದ ಕೋರ್ಸು ಎಂದರೆ ಸಾಮಾನ್ಯವಾಗಿ ಮೂರು ಗಂಟೆ ಪಾಠ, ಮೂರು ಗಂಟೆ ಲ್ಯಾಬ್. ಪಾಠದ ಮೂರಕ್ಕೆ ಮನೆಯಲ್ಲಿ ಆರು ಸೇರಿಸಿದರೆ ಒಟ್ಟು ವಾರಕ್ಕೆ 12 ಗಂಟೆ.

ಈಗ ಉದ್ಯೋಗಸ್ಥ ಗೃಹಿಣಿಯೊಬ್ಬಳ ವಾರವನ್ನು ತೆಗೆದುಕೊಳ್ಳೋಣ. ನಿದ್ದೆ ದಿನಕ್ಕೆ ಏಳರಂತೆ 49 ಗಂಟೆ. ಕೆಲಸ 24. ಅಡುಗೆ, ಮನೆ ದಿನಕ್ಕೆ ಮೂರರಂತೆ 21. ಮಕ್ಕಳು ದಿನಕ್ಕೆ ನಾಲ್ಕರಂತೆ 28. ಓಡಾಟ 7. ಎರಡು ಲ್ಯಾಬ್ ಕೋರ್ಸಿಗೆ 24, ಮೂರು ಕ್ರೆಡಿಟ್ಟಿನ ಇಂಗ್ಲಿಷಿಗೆ 9. ಒಟ್ಟು 162. ಉಳಿದದ್ದು ಆರು ಗಂಟೆ. ಮಗುವಿನ ಜ್ವರ, ಕಾರಿನ ಸರ್ವಿಸ್, ಊರಿನಿಂದ ಬರುವ ಅಮ್ಮನ ಫೋನು, ದೋಸೆಹಿಟ್ಟು ರುಬ್ಬುವುದು, ಸುಮ್ಮನೆ ಗೋಡೆ ನೋಡುವುದು ಎಲ್ಲವೂ ಈ ಆರರಲ್ಲೇ ಆಗಬೇಕು. ಇದಕ್ಕೆ ಮೂರನೇ ಲ್ಯಾಬ್ ಸೇರಿಸಿದರೆ ಉಳಿಕೆ ಮೈನಸ್ ಆರು. ಮೈನಸ್ ಆರನ್ನು ಎಲ್ಲರೂ ನಿದ್ದೆಯ ಖಾತೆಯಿಂದ ತೆಗೆಯುತ್ತಾರೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಯಾಗಲು ನಿದ್ದೆ ಬೇಕೆಂಬುದನ್ನು ಹಿಂದಿನ ಸೆಮಿಸ್ಟರಿನ ಸೈಕಾಲಜಿಯಲ್ಲಿ ಓದಿಕೊಂಡೂ.

ಬೇಸಿಗೆ ಕೋರ್ಸು ಕಾಲದ ಮಾಯಾರೂಪ. ಹದಿನಾರು ವಾರದ ಲ್ಯಾಬ್ ಕೋರ್ಸಿನ ತರಗತಿಯ ಹೊತ್ತು 96 ಗಂಟೆ. ಬೇಸಿಗೆಯ ಎಂಟು ವಾರಕ್ಕೆ ಅದನ್ನು ಅದುಮಿದರೆ ವಾರಕ್ಕೆ 12 ಗಂಟೆ, ಆರು ವಾರಕ್ಕಾದರೆ 16. ಮನೆಯ ಓದು ಇದರ ಮೇಲೆ. ಕೋರ್ಸು ಚಿಕ್ಕದಾಗುವುದಿಲ್ಲ, ದಿನಗಳು ದಪ್ಪಗಾಗುತ್ತವೆ. ಆದ್ದರಿಂದ ಬೇಸಿಗೆಗೆ ಒಂದೇ ಒಂದು: ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್ ಅಥವಾ ಒಂದು ಅಲ್ಪಾಹಾರಿ. ಮೈಕ್ರೋಬಯಾಲಜಿಯನ್ನು ಬೇಸಿಗೆಗೆ ಇಟ್ಟುಕೊಂಡವರು ಬೇರೆ ಏನನ್ನೂ, ಮೈಸೂರಿಗೆ ವಿಮಾನದ ಟಿಕೆಟ್ಟನ್ನೂ ಸಹ, ಇಟ್ಟುಕೊಳ್ಳತಕ್ಕದ್ದಲ್ಲ. ಕ್ಯುಪರ್ಟಿನೊದ ಡಿ ಆಂಜಾ ಕಾಲೇಜಿನಂತೆ ಕ್ವಾರ್ಟರ್ ಪದ್ಧತಿ ಇರುವಲ್ಲಿ ವರ್ಷವೇ ಚಿಕ್ಕ ಚಿಕ್ಕ ತುಂಡುಗಳಾಗಿರುತ್ತದೆ; ಅಲ್ಲಿ ಒಂದು ವಾರ ಹಿಂದೆ ಬಿದ್ದವರಿಗೆ ಮೇಲೇಳಲು ಸೆಮಿಸ್ಟರಿನವರಷ್ಟು ವಾರಗಳು ಸಿಗುವುದಿಲ್ಲ.

ಇನ್ನೊಂದು ಕಾಲವಿದೆ, ಕ್ಷಯಕಾಲ. ಹಲವು ಕಾಲೇಜುಗಳು ವಿಜ್ಞಾನದ ಕೋರ್ಸು ಐದು ಅಥವಾ ಏಳು ವರ್ಷಕ್ಕಿಂತ ಹಳೆಯದಾದರೆ ಒಪ್ಪುವುದಿಲ್ಲ. ತೀರಾ ನಿಧಾನಿಸಿದವರ ಅನಾಟಮಿ, ಮೈಕ್ರೋ ಮುಗಿಯುವಷ್ಟರಲ್ಲಿ ಹಳಸಿರುತ್ತದೆ. ಮಾನವ ದೇಹದಲ್ಲಿ ಐದು ವರ್ಷದಲ್ಲಿ ಎಲುಬುಗಳ ಸಂಖ್ಯೆ ಬದಲಾಗುವುದಿಲ್ಲ ಎಂದು ವಾದಿಸಿದವರಿದ್ದಾರೆ. ವಾದ ಸರಿ. ನಿಯಮವೂ ಹಾಗೇ ಇದೆ.

ಪೂರ್ವಪಕ್ಷ ಮತ್ತು ಖಂಡನ

ಪೂರ್ವಪಕ್ಷವನ್ನು ಸಾಮಾನ್ಯವಾಗಿ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಮಂಡಿಸಲಾಗುತ್ತದೆ.

"ನೋಡಮ್ಮ, ನಮ್ಮಕ್ಕನ ಮಗಳು ಫಿಸಿಯಾಲಜಿ, ಮೈಕ್ರೋ, ಕೆಮಿಸ್ಟ್ರಿ ಮೂರನ್ನೂ ಒಂದೇ ಸಲ ಮುಗಿಸಿಬಿಟ್ಳು. ನೀನ್ಯಾಕೆ ಎರಡು ವರ್ಷ ಎಳೀತಿದೀಯ?"

"ಆಗ ಅವಳು ಕೆಲಸಕ್ಕೆ ಹೋಗ್ತಿದ್ಲಾ ಆಂಟಿ?"

"ಇಲ್ಲಮ್ಮ, ಮನೇಲೇ ಇದ್ದಳು."

"ಅಡುಗೆ?"

"ಅವರಮ್ಮ ಇಲ್ವಾ? ಹೋಳಿಗೆ ಹಾಕಿಸ್ಕೊ, ಮುಂದೆ ಹೋಗು."

ಇಲ್ಲಿ ದೃಷ್ಟಾಂತ ನಿಜ, ಅಧಿಕಾರಿ ಬೇರೆ. ಅಕ್ಕನ ಮಗಳು ನವಾರಂಭಿ. ಅವಳ 168ರಲ್ಲಿ ಅಡುಗೆಯ 21, ಮಕ್ಕಳ 28, ಕೆಲಸದ 24 ಇರಲಿಲ್ಲ. ಸೂತ್ರ 1ನ್ನು ಮರೆತ ಪೂರ್ವಪಕ್ಷ ತಾನಾಗಿ ಬೀಳುತ್ತದೆ.

ಎರಡನೇ ಆಕ್ಷೇಪ: ಬೇಗ ಮುಗಿಸಿದರೆ ಬೇಗ ಸೇರಬಹುದಲ್ಲ? ಇದು ಬಲವಾದ ಆಕ್ಷೇಪ. ಶಾಸ್ತ್ರದ ತಿರುಳೂ ಇದರ ಉತ್ತರದಲ್ಲೇ ಇದೆ. ನರ್ಸಿಂಗ್ ಶಾಲೆಯ ಬಾಗಿಲು ದಿನವೂ ತೆರೆದಿರುವುದಿಲ್ಲ. ಬಹಳಷ್ಟು ಕಡೆ ವರ್ಷಕ್ಕೆ ಒಂದೋ ಎರಡೋ ಸಲ ಅರ್ಜಿ ಕರೆಯುತ್ತಾರೆ. ಗಡುವು ಫೆಬ್ರುವರಿಯಲ್ಲಿದ್ದರೆ ಹಿಂದಿನ ಮೇ ತಿಂಗಳಲ್ಲಿ ಮುಗಿಸಿದವಳೂ ಡಿಸೆಂಬರಿನಲ್ಲಿ ಮುಗಿಸಿದವಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲಿನಲ್ಲಿ ಯಾರು ಮುಂದೆ ಎಂದು ನೋಡುವಾಗ ಯಾರೂ ಮುಗಿಸಿದ ತಿಂಗಳನ್ನು ಕೇಳುವುದಿಲ್ಲ, ಗ್ರೇಡನ್ನು ಕೇಳುತ್ತಾರೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಿಗಾಗಿ ರೂಪಿಸಿದ ಸೂತ್ರವೊಂದರಲ್ಲಿ ಲೆಕ್ಕಕ್ಕೆ ಬರುತ್ತಿದ್ದದ್ದು ಒಟ್ಟು ಜಿಪಿಎ, ಇಂಗ್ಲಿಷಿನ ಜಿಪಿಎ, ಅನಾಟಮಿ-ಫಿಸಿಯಾಲಜಿ-ಮೈಕ್ರೋಬಯಾಲಜಿಗಳ ಜಿಪಿಎ, ಜೊತೆಗೆ ಈ ಮೂರನ್ನು ಎಷ್ಟು ಸಲ ಮರಳಿ ಓದಿದ್ದೀರಿ ಎಂಬುದು. ಅವಸರಕ್ಕೆ ಅದರಲ್ಲಿ ಅಂಕವಿರಲಿಲ್ಲ. ಅವಸರದಿಂದ ಬಂದ 'ಸಿ'ಗೂ ಅದನ್ನು ಅಳಿಸಲು ಮಾಡಿದ ಎರಡನೇ ಯತ್ನಕ್ಕೂ ಮಾತ್ರ ಪೆಟ್ಟಿತ್ತು.

ಆದ್ದರಿಂದ ಸೂತ್ರ 6: *ಗಡುವಿನಿಂದ ಹಿಂದಕ್ಕೆ ಎಣಿಸತಕ್ಕದ್ದು.*

ಫೆಬ್ರುವರಿಯ ಗಡುವಿಗೆ ಹಿಂದಿನ ಫಾಲ್‌ನಲ್ಲಿ ಮೈಕ್ರೋಬಯಾಲಜಿ ಮತ್ತು ಸ್ಟ್ಯಾಟಿಸ್ಟಿಕ್ಸ್. ಅದರ ಹಿಂದಿನ ಬೇಸಿಗೆಯಲ್ಲಿ ಇಂಗ್ಲಿಷ್ ಒಂದೇ. ಅದರ ಹಿಂದಿನ ಸ್ಪ್ರಿಂಗ್‌ನಲ್ಲಿ ಫಿಸಿಯಾಲಜಿ ಮತ್ತು ನ್ಯೂಟ್ರಿಷನ್. ಅದರ ಹಿಂದಿನ ಫಾಲ್‌ನಲ್ಲಿ ಅನಾಟಮಿ ಮತ್ತು ಲೈಫ್‌ಸ್ಪ್ಯಾನ್. ಅದಕ್ಕೂ ಹಿಂದೆ ಕೆಮಿಸ್ಟ್ರಿ ಮತ್ತು ಪ್ರಾಥಮಿಕ ಸೈಕಾಲಜಿ. ಹೀಗೆ ಎಲ್ಲಾ ಕೋರ್ಸೂ ಎರಡು ವರ್ಷದೊಳಗೆ ಕೂಡುತ್ತವೆ, ಎಲ್ಲ ಸೆಮಿಸ್ಟರೂ ಉತ್ತಮ ಸಂಯೋಗ, ಐದು ವರ್ಷದ ಕ್ಷಯಕಾಲದ ಭಯವಿಲ್ಲ. ಪ್ರವೇಶಪರೀಕ್ಷೆ ಟೀಸ್ ಕೇಳುವ ಕಾಲೇಜಾದರೆ ಅದನ್ನು ಫಿಸಿಯಾಲಜಿ ಮುಗಿದ ಬೇಸಿಗೆಗೆ ಇಡಬಹುದು. 209 ನಿಮಿಷದಲ್ಲಿ 170 ಪ್ರಶ್ನೆ, ವಿಜ್ಞಾನದ ಭಾಗದಲ್ಲಿ ಅನಾಟಮಿ-ಫಿಸಿಯಾಲಜಿಯದೇ ದೊಡ್ಡ ಪಾಲು. ಕೆಮಿಸ್ಟ್ರಿ ಕೇಳದ ಕಾಲೇಜಾದರೆ ಒಂದು ಸೆಮಿಸ್ಟರ್ ಉಳಿಯಿತು. ಅನಾಟಮಿಯೂ ಫಿಸಿಯಾಲಜಿಯೂ ಬೆರೆತ ಕಾಲೇಜಾದರೆ ಅವೆರಡರ ಜಾಗದಲ್ಲಿ ಎ ಅಂಡ್ ಪಿಯ ಎರಡು ಪಾಲುಗಳನ್ನಿಟ್ಟು ಓದಿಕೊಳ್ಳತಕ್ಕದ್ದು.

ಅಪವಾದಗಳುಂಟು. ಲ್ಯಾಬಿನ ಸೀಟು ಸಿಗದೆ ವೇಟ್‌ಲಿಸ್ಟಿನಲ್ಲಿ ಹದಿನಾಲ್ಕನೆಯವಳಾಗಿ ನಿಂತಾಗ ಶಾಸ್ತ್ರ ಮೌನ ವಹಿಸುತ್ತದೆ. ಸಿಕ್ಕ ಸೀಟನ್ನು ಹಿಡಿದು, ಅದರ ಸುತ್ತ ಪಂಕ್ತಿಯನ್ನು ಹೊಸದಾಗಿ ಹಾಕತಕ್ಕದ್ದು. ಕೋರ್ಸಿನ ನಡುವೆ ಮುಳುಗುತ್ತಿದ್ದೇನೆಂದು ತಿಳಿದವಳು ಗಡುವಿನೊಳಗೆ ಬಿಟ್ಟು 'ಡಬ್ಲ್ಯೂ' ಪಡೆಯುವುದು ಬಹುಪಾಲು 'ಡಿ' ಪಡೆಯುವುದಕ್ಕಿಂತ ಮೇಲು. ಆದರೆ ಅದನ್ನೂ ಒಂದು ಯತ್ನವೆಂದು ಎಣಿಸುವ ಕಾಲೇಜುಗಳಿವೆ, ಕೇಳಿಕೊಂಡೇ ಬಿಡತಕ್ಕದ್ದು.

ಫಲಶ್ರುತಿ

ಈ ಶಾಸ್ತ್ರವನ್ನು ಪಠಿಸಿದವರಿಗೆ ಅನಾಟಮಿ ಸುಲಭವಾಗುವುದಿಲ್ಲ. ಮೈಕ್ರೋಬಯಾಲಜಿಯ ತಟ್ಟೆಯಲ್ಲಿ ಬೇಗ ಬೆಳೆ ಬರುವುದಿಲ್ಲ. ಆದರೆ ಇದನ್ನು ಎರಡು ಸಲ ಓದಿ, ತಮ್ಮ ವಾರದ 168 ಗಂಟೆಗಳನ್ನು ಒಮ್ಮೆ ಪ್ರಾಮಾಣಿಕವಾಗಿ ಕಾಗದದ ಮೇಲೆ ಬರೆದವರು ಎರಡನೇ ಲ್ಯಾಬಿನ ಮುಂದಿನ ಚೌಕಕ್ಕೆ ಗುರುತು ಹಾಕುವ ಮೊದಲು ಒಂದು ಕ್ಷಣ ತಡೆಯುತ್ತಾರೆ. ಗೃಹಿಣಿಯರಿಗೆ ದೋಸೆಹಿಟ್ಟಿನ ಗಂಟೆ ಉಳಿಯುತ್ತದೆ. ಉದ್ಯೋಗಸ್ಥರಿಗೆ ನಿದ್ದೆ ಉಳಿಯುತ್ತದೆ. ಪುನರಾವರ್ತಕರು ಮೂರನೇ ಆವೃತ್ತಿಯಿಂದ ಪಾರಾಗುತ್ತಾರೆ. ಕನ್ನಡ ಕೂಟದ ಆಂಟಿಗೆ ಇದರ ಪ್ರತಿಯೊಂದನ್ನು ಕೊಟ್ಟವರಿಗೆ ಮುಂದಿನ ಯುಗಾದಿಯಲ್ಲೂ ಹೋಳಿಗೆ ಸಿಗುತ್ತದೆ; ಪ್ರಶ್ನೆ ನಿಲ್ಲುತ್ತದೆಂದು ಮಾತ್ರ ಶಾಸ್ತ್ರ ಭರವಸೆ ಕೊಡುವುದಿಲ್ಲ.